ದುಬಾರಿ ಕಾರಿನ ಬ್ರೇಕ್ ಡಿಸ್ಕ್: ಬಿಲ್ಲಿಗಿಂತ ಮೊದಲು ಅಳತೆ

ರಾಶಿ ಅಡಿಕೆ ಕ್ವಿಂಟಲಿಗೆ 50 ಸಾವಿರದ ಆಸುಪಾಸಿನಲ್ಲಿ ಓಡಾಡತೊಡಗಿದ ಮೇಲೆ ಚನ್ನಗಿರಿ ಸೀಮೆಯ ತೋಟದ ಮನೆಗಳ ಮುಂದೆ ನಿಲ್ಲುವ ಕಾರುಗಳೂ ಬದಲಾಗಿವೆ. ಬೊಲೆರೊ ಎಲ್ಲೂ ಹೋಗಿಲ್ಲ. ಅದರ ಪಕ್ಕದಲ್ಲಿ ಫಾರ್ಚೂನರ್, ಬಿಎಂಡಬ್ಲ್ಯು, ಬೆಂಜ್, ವೋಲ್ವೊ ಬಂದು ನಿಂತಿವೆ. ಹೊನ್ನಾಳಿ, ನ್ಯಾಮತಿಯಲ್ಲೂ ಅಷ್ಟೇ. ಜಗಳೂರಿನಲ್ಲಿ ಇಂಥ ಕಾರು ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವ ಕಾಲ ಮುಗಿದಿದೆ. ಕಾರು ಕೊಂಡ ಎರಡು ಮೂರು ವರ್ಷಕ್ಕೆ ಇವರಲ್ಲಿ ಹಲವರ ಬಾಯಲ್ಲಿ ಒಂದೇ ಮಾತು: "ಇನ್ನೂ ಸರಿಯಾಗಿ ಓಡಿಸೇ ಇಲ್ರೀ, ಆಗ್ಲೇ ಡಿಸ್ಕ್ ಹೋಗೇತಿ ಅಂತಾರೆ."

ಹೀಗೆ ಹೇಳಿದ ಕೂಡಲೇ ಡಿಸ್ಕ್ ಬದಲಿಸಿ, ಹಣ ಕೊಟ್ಟು ಬರುವವರೇ ಹೆಚ್ಚು. ಇನ್ನೊಂದು ವರ್ಷಕ್ಕೆ ಮತ್ತೆ ಅದೇ ಕತೆ. ಡಿಸ್ಕ್ ತಾನಾಗಿ ಬೇಗ ಸವೆಯುವುದು ಅಪರೂಪ. ಯಾವುದೋ ಪಿನ್ ಹಿಡಿದುಕೊಂಡಿರುತ್ತದೆ, ಯಾವುದೋ ಬೋಲ್ಟ್ ತಪ್ಪಾಗಿ ಬಿಗಿದಿರುತ್ತದೆ, ಇಲ್ಲವೇ ಕಾರು ನಿಂತಲ್ಲೇ ನಿಂತು ತುಕ್ಕು ಹಿಡಿದಿರುತ್ತದೆ. ಆ ಕಾರಣವನ್ನು ಹಾಗೇ ಬಿಟ್ಟು ಹಾಕಿದ ಹೊಸ ಡಿಸ್ಕ್ ಕೂಡ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಕಾರಣ ಹುಡುಕುವುದು ಕಷ್ಟವೂ ಅಲ್ಲ. ಸವೆದ ಡಿಸ್ಕನ್ನು ಎದುರಿಗಿಟ್ಟುಕೊಂಡು ಎಲ್ಲಿ ಸವೆದಿದೆ, ಎಷ್ಟು ಸವೆದಿದೆ, ಯಾವ ಕಡೆ ಹೆಚ್ಚು ಎಂದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಎಷ್ಟು ಸವೆದರೆ ಹೆಚ್ಚು?

ಮೊದಲು ಒಂದು ಸತ್ಯ ಒಪ್ಪಿಕೊಳ್ಳಬೇಕು. ಯುರೋಪಿನ ದುಬಾರಿ ಕಾರುಗಳಲ್ಲಿ ಡಿಸ್ಕ್ ಕೂಡ ಪ್ಯಾಡಿನಂತೆ ಸವೆಯಲೆಂದೇ ಮಾಡಿದ ಭಾಗ. ಆ ಕಾರುಗಳ ಪ್ಯಾಡಿನಲ್ಲಿ ಲೋಹದ ಅಂಶ ಇರುತ್ತದೆ. ಅವು ತಣ್ಣಗಿದ್ದಾಗಲೂ ಬಿಸಿಯಾದಾಗಲೂ ಗಟ್ಟಿಯಾಗಿ ಹಿಡಿಯುತ್ತವೆ, ಹಿಡಿಯುವಾಗ ಡಿಸ್ಕನ್ನೂ ತುಸು ಕೆರೆಯುತ್ತವೆ. ಅಲಾಯ್ ಚಕ್ರದ ಮೇಲೆ ವಾರಕ್ಕೇ ಕೂರುವ ಕಪ್ಪು ಪುಡಿಯಲ್ಲಿ ಪ್ಯಾಡಿನದಷ್ಟೇ ಅಲ್ಲ, ಡಿಸ್ಕಿನ ಕಬ್ಬಿಣವೂ ಇದೆ. ಜರ್ಮನಿಯ ಹೆದ್ದಾರಿಯಲ್ಲಿ 200ರ ವೇಗದಿಂದ ನಿಲ್ಲಿಸುವುದಕ್ಕೆ ಮಾಡಿದ ವ್ಯವಸ್ಥೆ ಅದು. ನಮ್ಮಲ್ಲಿ ಅದು ಸವಳಂಗದ ಸಂತೆಗೂ ಹೋಗುತ್ತದೆ, ಅದು ಬೇರೆ ಮಾತು.

ಹಾಗಾಗಿ ಎರಡು ಜೊತೆ ಪ್ಯಾಡಿಗೆ ಒಂದು ಜೊತೆ ಡಿಸ್ಕ್ ಎನ್ನುವುದು ಈ ಕಾರುಗಳಲ್ಲಿ ಸಹಜ ಲೆಕ್ಕ. ಮೊದಲ ಜೊತೆ ಪ್ಯಾಡ್ ಮುಗಿಯುವ ಮುನ್ನವೇ ಡಿಸ್ಕ್ ಮಿತಿ ಮುಟ್ಟಿದರೆ, ಅಥವಾ 30 ಸಾವಿರ ಕಿಲೋಮೀಟರಿನ ಒಳಗೇ ಬದಲಿಸಿ ಎಂದರೆ, ಆಗ ಪ್ರಶ್ನೆ ಕೇಳಬೇಕು.

ಮಿತಿ ಎಂದರೆ ಅಂದಾಜಲ್ಲ. ಡಿಸ್ಕಿನ ನಡುವಿನ ಬಟ್ಟಲಿನ ಮೇಲೋ ಅಂಚಿನ ಮೇಲೋ ಕನಿಷ್ಠ ದಪ್ಪವನ್ನು ಮಿಲಿಮೀಟರಿನಲ್ಲಿ ಅಚ್ಚೊತ್ತಿರುತ್ತಾರೆ. ತುಕ್ಕು ಕವಿದಿದ್ದರೆ ತಂತಿ ಬ್ರಷ್ಷಿನಿಂದ ಉಜ್ಜಿದರೆ ಕಾಣುತ್ತದೆ. ಹೊಸದರ ದಪ್ಪಕ್ಕೂ ಈ ಕನಿಷ್ಠಕ್ಕೂ ಇರುವ ಅಂತರ ಸಾಮಾನ್ಯವಾಗಿ ಒಂದೂವರೆಯಿಂದ ಮೂರು ಮಿಲಿಮೀಟರ್, ಎರಡೂ ಮುಖ ಸೇರಿ. ಇಷ್ಟು ಕಿರಿದಾದ ಅಂತರವನ್ನು ಕಣ್ಣಿನಿಂದ ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ. ಬೆರಳಾಡಿಸಿ "ಅಂಚು ಎದ್ದಿದೆ ನೋಡಿ" ಎಂದು ತೋರಿಸುವುದು ಗ್ಯಾರೇಜಿನ ಹಳೆಯ ಪದ್ಧತಿ. ಅಂಚು ಏಳುವುದು ಸಹಜ. ಪ್ಯಾಡ್ ತಾಗದ ಜಾಗ ಸವೆಯುವುದಿಲ್ಲ, ಅಷ್ಟೇ.

ಅಳೆಯಲು ಮೈಕ್ರೋಮೀಟರ್ ಬೇಕು. ಮಾಮೂಲಿ ವರ್ನಿಯರ್‌ನ ದವಡೆ ಆ ಎದ್ದ ಅಂಚಿನ ಮೇಲೇ ಕೂರುವುದರಿಂದ ಸವೆದ ಡಿಸ್ಕೂ ದಪ್ಪವಾಗಿಯೇ ತೋರುತ್ತದೆ. ಅಂಚಿನಿಂದ ಒಂದು ಸೆಂಟಿಮೀಟರಿಗೂ ಹೆಚ್ಚು ಒಳಗೆ, ಸುತ್ತಲೂ ಆರೆಂಟು ಕಡೆ ಅಳೆಯಬೇಕು. ಪ್ರತಿ ಅಳತೆಯನ್ನೂ ಬರೆದಿಡಬೇಕು. ಒಂದು ಕಡೆಗೂ ಇನ್ನೊಂದು ಕಡೆಗೂ 0.02 ಮಿಲಿಮೀಟರ್ ವ್ಯತ್ಯಾಸವಿದ್ದರೂ ಬ್ರೇಕ್ ಒತ್ತಿದಾಗ ಕಾರು ನಡುಗಬಹುದು.

ಡ್ಯಾಶ್‌ಬೋರ್ಡಿನಲ್ಲಿ ಬರುವ ಬ್ರೇಕ್ ಸವೆತದ ಸೂಚನೆ ಪ್ಯಾಡಿನ ಬಗ್ಗೆ ಮಾತ್ರ. ಡಿಸ್ಕಿನ ದಪ್ಪ ಅಳೆಯುವ ಸೆನ್ಸರ್ ಅದಲ್ಲ.

ಸವೆತ ಹೇಳುವ ಕಾರಣಗಳು

ನಾಲ್ಕೂ ಚಕ್ರ ಬಿಚ್ಚಿಸಿ ನೋಡಿ. ಒಂದು ಬದಿಯ ಡಿಸ್ಕ್ ಮಾತ್ರ ಸವೆದು ಇನ್ನೊಂದು ಬದಿಯದು ಚೆನ್ನಾಗಿದ್ದರೆ ಅದು ನಿಮ್ಮ ಚಾಲನೆಯ ತಪ್ಪಲ್ಲ. ಆ ಚಕ್ರದ ಕ್ಯಾಲಿಪರ್ ಹಿಡಿದುಕೊಂಡಿದೆ. ಹೆಚ್ಚಿನ ಕಾರುಗಳಲ್ಲಿ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಅತ್ತಿತ್ತ ಜಾರುತ್ತದೆ. ಪಿಸ್ಟನ್ ಒಳಗಿನ ಪ್ಯಾಡನ್ನು ಒತ್ತುತ್ತದೆ, ಆ ಒತ್ತಡದಲ್ಲೇ ಕ್ಯಾಲಿಪರ್ ಜಾರಿ ಹೊರಗಿನ ಪ್ಯಾಡನ್ನೂ ಎಳೆಯುತ್ತದೆ. ಪಿನ್ ಒಣಗಿ ಅಥವಾ ತುಕ್ಕು ಹಿಡಿದು ಜಾರದಿದ್ದರೆ ಕೆಲಸವೆಲ್ಲ ಒಂದು ಪ್ಯಾಡಿನ ಮೇಲೇ ಬೀಳುತ್ತದೆ. ಕಾಲು ತೆಗೆದ ಮೇಲೂ ಪ್ಯಾಡ್ ಡಿಸ್ಕಿಗೆ ಒರಗಿಕೊಂಡೇ ಇರುತ್ತದೆ. ಒಂದೇ ಚಕ್ರದ ಎರಡು ಪ್ಯಾಡುಗಳು ಬೇರೆಬೇರೆ ದಪ್ಪಕ್ಕೆ ಬಂದಿದ್ದರೆ, ಅಥವಾ ಪ್ಯಾಡ್ ಓರೆಯಾಗಿ ಸವೆದಿದ್ದರೆ, ಮೊದಲ ಅನುಮಾನ ಪಿನ್ನಿನ ಮೇಲೆ.

ಇದನ್ನು ಮನೆಯಲ್ಲೇ ಪತ್ತೆ ಮಾಡಬಹುದು. ದೂರದಿಂದ ಗುರಿಯಿಟ್ಟು ಶಾಖ ಅಳೆಯುವ ಗನ್ ಈಗ ಎಲ್ಲ ಕಡೆ ಸಿಗುತ್ತದೆ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಕೊನೆಯಲ್ಲಿ ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ, ಎಡ ಬಲದ ಡಿಸ್ಕುಗಳನ್ನು ಹೋಲಿಸಿ ನೋಡಿ. ಒಂದು ಬದಿ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ ಅಲ್ಲೇ ರೋಗ. ಕೈ ಇಟ್ಟು ನೋಡಲು ಹೋಗಬೇಡಿ, ಚರ್ಮ ಅಂಟಿಕೊಳ್ಳುವಷ್ಟು ಬಿಸಿ ಇರಬಹುದು.

ಪಿನ್ ಸರಿಮಾಡುವುದು ಸಣ್ಣ ಕೆಲಸ, ಆದರೆ ತಪ್ಪು ನಡೆಯುವುದೂ ಅಲ್ಲೇ. ಬಿಚ್ಚಿ, ಒರೆಸಿ, ಹೊಸ ರಬ್ಬರ್ ಹಾಕಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಬೇರಿಂಗಿಗೆ ತುಂಬುವ ಮಾಮೂಲಿ ಗ್ರೀಸ್ ಹಚ್ಚಿದರೆ ಅದರ ಪೆಟ್ರೋಲಿಯಂ ಎಣ್ಣೆಗೆ ಕ್ಯಾಲಿಪರಿನ ರಬ್ಬರ್ ಊದಿಕೊಳ್ಳುತ್ತದೆ. ಆರು ತಿಂಗಳಿಗೆ ಪಿನ್ ಮೊದಲಿಗಿಂತ ಬಿಗಿಯಾಗಿ ಕೂರುತ್ತದೆ. ಯಾವ ಡಬ್ಬಿಯಿಂದ ಗ್ರೀಸ್ ತೆಗೆಯುತ್ತಾರೆ ಎಂದು ನಿಂತು ನೋಡಿ, ನಾಚಿಕೆ ಬೇಡ.

ಪಿನ್ ಸರಿಯಿದ್ದೂ ಒಂದು ಚಕ್ರ ಬಿಸಿಯಾದರೆ ಪಿಸ್ಟನ್ ಅಥವಾ ಬ್ರೇಕ್ ಹೋಸ್ ನೋಡಬೇಕು. ಹಳೆಯ ಹೋಸ್‌ನ ಒಳಪದರ ಉಬ್ಬಿದರೆ ಒತ್ತಡ ಒಳಗೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ.

ಹಿಂದಿನ ಎರಡೂ ಡಿಸ್ಕ್ ಮುಂದಿನವಕ್ಕಿಂತ ಬೇಗ ಸವೆದಿವೆಯೇ? ಹಳಬರಿಗೆ ಇದು ವಿಚಿತ್ರ, ಏಕೆಂದರೆ ಬ್ರೇಕಿನ ಭಾರವೆಲ್ಲ ಮುಂದಕ್ಕೇ ಬೀಳಬೇಕು. ದುಬಾರಿ ಕಾರುಗಳಲ್ಲಿ ಕಂಪ್ಯೂಟರ್ ಮಧ್ಯೆ ಬರುತ್ತದೆ. ಹಗುರವಾಗಿ ಒತ್ತಿದಾಗ ಮೂತಿ ಮುಗ್ಗರಿಸದಿರಲೆಂದು ಹಿಂದಿನ ಬ್ರೇಕಿಗೆ ಹೆಚ್ಚು ಪಾಲು ಕೊಡುತ್ತದೆ. ಚಕ್ರ ಜಾರಿದಾಗ ಹಿಡಿಯುವುದೂ ಬ್ರೇಕಿನಿಂದಲೇ. ಮುಂದಿನ ವಾಹನಕ್ಕೆ ತಕ್ಕಂತೆ ವೇಗ ಹೊಂದಿಸಿಕೊಳ್ಳುವ ಕ್ರೂಸ್ ಕಂಟ್ರೋಲ್ ಹಾಕಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಂಗಳೂರಿಗೆ ಹೋಗಿ ನೋಡಿ: ಬಲಗಡೆಯ ಲೇನಿನಲ್ಲೇ ಹೋಗುವ ಲಾರಿ, ದಿಢೀರನೆ ಅಡ್ಡ ಬರುವ ಬೈಕು, ಎಲ್ಲದಕ್ಕೂ ಕಾರು ತಾನೇ ಬ್ರೇಕ್ ಹಾಕುತ್ತಿರುತ್ತದೆ. ನಿಮ್ಮ ಕಾಲು ಆರಾಮ, ಡಿಸ್ಕಿಗೆ ವಿರಾಮವಿಲ್ಲ. ಹಿಂದಿನ ಡಿಸ್ಕ್ ಸಾಮಾನ್ಯವಾಗಿ ತೆಳುವಾದ್ದರಿಂದ ಬೇಗ ಮುಗಿಯುತ್ತದೆ. ದಟ್ಟ ಸಂಚಾರದಲ್ಲಿ ಆ ಕ್ರೂಸ್ ಬಿಟ್ಟು ಕಾಲಿನಿಂದಲೇ ಓಡಿಸುವುದು ಇದಕ್ಕೆ ಅರ್ಧ ಪರಿಹಾರ.

ಸ್ಟೀರಿಂಗ್ ನಡುಗಿದರೆ ಮುಂದಿನ ಡಿಸ್ಕ್, ಸೀಟು ನಡುಗಿದರೆ ಹಿಂದಿನದು. "ಡಿಸ್ಕ್ ಬೆಂಡಾಗಿದೆ" ಎನ್ನುವುದು ಗ್ಯಾರೇಜಿನ ಮಾತು. ನಿಜವಾಗಿ ಬಾಗುವುದು ಅಪರೂಪ. ಬಿಸಿಯಾದ ಪ್ಯಾಡಿನ ಪದರ ಒಂದೊಂದು ಕಡೆ ಅಂಟಿಕೊಂಡಿರುತ್ತದೆ, ಇಲ್ಲವೇ ಹಬ್‌ನ ಮೇಲೆ ಡಿಸ್ಕ್ ಓರೆಯಾಗಿ ಕೂತು ಸಾವಿರಾರು ಕಿಲೋಮೀಟರ್ ತಿರುಗಿ ಒಂದು ಜಾಗವನ್ನೇ ಸವೆಸಿರುತ್ತದೆ.

ನಮ್ಮ ನೆಲ, ನಮ್ಮ ರೂಢಿ

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ. ಜಿಲ್ಲೆ ಒಂದಾದರೂ ಒಂದು ಕಡೆ ಭದ್ರಾ ನಾಲೆಯ ಕೆಸರು, ಇನ್ನೊಂದು ಕಡೆ ಮಳೆ ಕಾಣದ ಧೂಳು. ಬ್ರೇಕಿಗೆ ಎರಡೂ ಶತ್ರುಗಳೇ, ಕೆಲಸ ಮಾತ್ರ ಬೇರೆ.

ಧೂಳಿನ ಕತೆ ಹಳೆಯದು. 1902ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಡಿಸ್ಕನ್ನು ಹಿಡಿಯಲು ಆತ ಬಳಸಿದ್ದು ತಾಮ್ರ. ಅಂದಿನ ಮಣ್ಣು ರಸ್ತೆಗಳ ಧೂಳಿಗೆ ತಾಮ್ರ ಬೇಗ ಸವೆದು, ಒಳ್ಳೆಯ ಉಪಾಯವೊಂದು ಮೂಲೆ ಸೇರಿತು. 1953ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ರೇಸನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದ ಮೇಲೆಯೇ ಕಾರು ಕಂಪನಿಗಳು ಇತ್ತ ಗಂಭೀರವಾಗಿ ತಿರುಗಿದ್ದು. ಅಷ್ಟರಲ್ಲಿ ಅಲ್ಲಿಯ ರಸ್ತೆಗಳು ಡಾಂಬರು ಕಂಡಿದ್ದವು. ಜಗಳೂರಿನ ಹೊಲದ ದಾರಿಗಳು ಇನ್ನೂ ಲ್ಯಾಂಚೆಸ್ಟರನ ಕಾಲದಲ್ಲೇ ಇವೆ. ಮಣ್ಣಿನೊಳಗಿನ ಮರಳಿನ ಕಣ ಕಬ್ಬಿಣಕ್ಕಿಂತ ಗಟ್ಟಿ. ಪ್ಯಾಡಿನಲ್ಲಿ ಸಿಕ್ಕಿಕೊಂಡ ಒಂದು ಕಣ ಡಿಸ್ಕಿನ ಮೇಲೆ ಗ್ರಾಮಫೋನ್ ತಟ್ಟೆಯಂಥ ಗೆರೆ ಕೊರೆಯುತ್ತಾ ಹೋಗುತ್ತದೆ. ಉಗುರಿಗೆ ಸಿಗುವಷ್ಟು ಆಳದ ಗೆರೆಗಳಿದ್ದರೆ ಪ್ಯಾಡ್ ಬಿಚ್ಚಿ ಮುಖ ಪರೀಕ್ಷಿಸಬೇಕು.

ಜಲ್ಲಿ ರಸ್ತೆಯಲ್ಲಿ ಹೋದ ಮೇಲೆ ದಿಢೀರನೆ ಕಿರ್ರೆಂಬ ಕರ್ಕಶ ಸದ್ದು ಬಂದರೆ ಗಾಬರಿಯಾಗಿ ಡಿಸ್ಕ್ ಬದಲಿಸಬೇಡಿ. ಡಿಸ್ಕಿಗೂ ಅದರ ಹಿಂದಿನ ತಗಡಿನ ಮರೆಗೂ ನಡುವೆ ಸಣ್ಣ ಕಲ್ಲು ಸಿಕ್ಕಿರುತ್ತದೆ. ಚಕ್ರ ಬಿಚ್ಚಿ ತಗಡನ್ನು ತುಸು ಸರಿಸಿದರೆ ಬೀಳುತ್ತದೆ. "ಈ ತಗಡೇ ಬೇಡ, ಕಿತ್ತು ಬಿಡಾಣ" ಎನ್ನುವ ಮೆಕ್ಯಾನಿಕ್ ಸಿಕ್ಕರೆ ತಡೆಯಿರಿ. ಕೆಸರು, ಕಲ್ಲು ತಡೆಯಲೆಂದೇ ಅದು ಇರುವುದು.

ಧೂಳು, ಕೆಸರಿಗಿಂತಲೂ ಹೆಚ್ಚು ಹಾನಿ ಮಾಡುವುದು ಕಾರನ್ನು ಸುಮ್ಮನೆ ನಿಲ್ಲಿಸುವುದು. ದೊಡ್ಡ ಕಾರು ಮದುವೆಗೆ, ಧರ್ಮಸ್ಥಳಕ್ಕೆ, ಬೆಂಗಳೂರಿಗೆ. ದಿನನಿತ್ಯಕ್ಕೆ ಬೈಕು, ಬೊಲೆರೊ. ವಾರಗಟ್ಟಲೆ ನಿಂತ ಕಾರಿನ ಡಿಸ್ಕ್ ಮೇಲೆ ತುಕ್ಕು ಕೂರುತ್ತದೆ, ಪ್ಯಾಡ್ ಒತ್ತಿದ್ದ ಜಾಗದಲ್ಲಿ ಬೇರೆಯೇ ಕಲೆ ಬೀಳುತ್ತದೆ. ಮೇಲುಮೇಲಿನ ತುಕ್ಕು ನಾಲ್ಕು ಬಾರಿ ಬ್ರೇಕ್ ಹಾಕಿದರೆ ಹೋಗುತ್ತದೆ. ಆಳಕ್ಕಿಳಿದದ್ದು ಹೋಗುವುದಿಲ್ಲ, ಕುಳಿ ಬಿದ್ದು ಪ್ಯಾಡನ್ನೂ ತಿನ್ನುತ್ತದೆ.

ನಿಲ್ಲಿಸುವ ಜಾಗವೂ ಮುಖ್ಯ. ತೋಟದ ಮನೆಯಲ್ಲಿ ಕಾರಿಗೂ ಗೊಬ್ಬರಕ್ಕೂ ಒಂದೇ ಶೆಡ್ಡು. ಪೊಟ್ಯಾಷ್ ಎಂದು ನಾವು ಕರೆಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಹತ್ತಿರದ ನೆಂಟ. ಬಾಯಿ ತೆರೆದ ಚೀಲದ ಪುಡಿ ಗಾಳಿಯ ತೇವ ಹೀರಿ ಕಬ್ಬಿಣದ ಮೇಲೆ ಕೂತರೆ ತುಕ್ಕು ಓಡಿ ಬರುತ್ತದೆ. ಕೊಳೆ ರೋಗಕ್ಕೆ ಬೋರ್ಡೊ ದ್ರಾವಣ ಮಾಡಲು ತಂದ ಮೈಲುತುತ್ತ ಇನ್ನೂ ಕೆಟ್ಟದ್ದು, ಅದು ಕಬ್ಬಿಣವನ್ನು ನೇರವಾಗಿಯೇ ತಿನ್ನುತ್ತದೆ. ಇದಕ್ಕೆ ಪರಿಹಾರ ದುಡ್ಡಿನದಲ್ಲ: ಕಾರಿಗೆ ಬೇರೆ ಜಾಗ, ಕೆಳಗೆ ಒಣ ನೆಲ, ವಾರಕ್ಕೊಮ್ಮೆ ಹತ್ತಿಪ್ಪತ್ತು ಕಿಲೋಮೀಟರ್ ಓಡಾಟ. ತೊಳೆದ ತಕ್ಷಣ ನಿಲ್ಲಿಸಿಬಿಡಬೇಡಿ. ಊರ ಒಂದು ಸುತ್ತು ಹಾಕಿ ಬ್ರೇಕ್ ಒಣಗಿಸಿ ತಂದಿಡಿ. ಮಟ್ಟಸ ನೆಲದಲ್ಲಿ ದೀರ್ಘ ಕಾಲ ನಿಲ್ಲಿಸುವುದಾದರೆ ಪಾರ್ಕಿಂಗ್ ಬ್ರೇಕ್ ಬದಲು ಚಕ್ರಕ್ಕೆ ಕಲ್ಲು ಕೊಡಿ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ತಾನೇ ಬೀಳುವ ಕಾರಾದರೆ ಅದನ್ನು ತಡೆಯುವ ವಿಧಾನ ಕಾರಿನ ಪುಸ್ತಕದಲ್ಲಿರುತ್ತದೆ.

ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನವರು ಇದನ್ನು ಎರಡು ಸಲ ಓದಿ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಇರಲಿ, ಕೋಟಿ ಬೆಲೆಯ ಎಲೆಕ್ಟ್ರಿಕ್ ಇರಲಿ, ವೇಗ ತಗ್ಗಿಸುವ ಕೆಲಸದ ಬಹುಪಾಲನ್ನು ಮೋಟಾರೇ ಮಾಡಿ ಬ್ಯಾಟರಿ ತುಂಬಿಸುತ್ತದೆ. ಡಿಸ್ಕಿಗೆ ಕೆಲಸವಿಲ್ಲ, ಆದ್ದರಿಂದ ತುಕ್ಕು. ಫೋಕ್ಸ್‌ವ್ಯಾಗನ್ ತನ್ನ ಐಡಿ ಸರಣಿಯ ಎಲೆಕ್ಟ್ರಿಕ್ ಕಾರುಗಳ ಹಿಂಚಕ್ರಕ್ಕೆ ಹಳೆಯ ಡ್ರಮ್ ಬ್ರೇಕನ್ನೇ ಮರಳಿ ತಂದದ್ದು ಸುಮ್ಮನೆ ಅಲ್ಲ. ಇಂಥ ಕಾರಿನಲ್ಲಿ ಆಗಾಗ ಖಾಲಿ ರಸ್ತೆ ನೋಡಿ, ಹಿಂದೆ ಯಾರೂ ಇಲ್ಲದಾಗ, ಗಟ್ಟಿಯಾಗಿ ಬ್ರೇಕ್ ಒತ್ತಿ ಡಿಸ್ಕ್ ಉಜ್ಜಿಸಬೇಕು.

ಇನ್ನು ಹಂಪ್ಸ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ಒಂದು ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟಬಹುದು. ನಮ್ಮ ಊರುಗಳ ಮುಂದಿರುವುದು ಗೋಡೆ. ಅದರ ಮುಂದೆ ಕಾರು ಹೆಚ್ಚುಕಡಿಮೆ ನಿಂತೇ ಹೋಗಬೇಕು. ಜನ ಕೂತ ಎರಡು ಟನ್ ದಾಟಿದ ಕಾರು, 2,200 ಕಿಲೋ ಎಂದುಕೊಳ್ಳಿ, 80ರ ವೇಗದಿಂದ ಒಮ್ಮೆ ನಿಂತಾಗ ಹುಟ್ಟುವ ಶಾಖ ಒಂದೂಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. 70ರಿಂದ 10ಕ್ಕೆ ಇಳಿಸುವ ಪ್ರತಿ ಹಂಪಿನಲ್ಲೂ ಅದರ ಮುಕ್ಕಾಲು ಭಾಗ. ಹೊನ್ನಾಳಿಯಿಂದ ನ್ಯಾಮತಿ, ಸವಳಂಗ ದಾರಿಯ ಊರೂರ ಹಂಪಿನಲ್ಲಿ ಹೀಗೆ ಕುದಿಸುತ್ತಾ ಹೋದರೆ ಡಿಸ್ಕ್ ಬೇಗ ಸವೆಯದೆ ಇನ್ನೇನು? ಊರಿನ ಮೊದಲ ಮನೆ ಕಂಡಾಗಲೇ ಆಕ್ಸಿಲರೇಟರ್ ಬಿಟ್ಟರೆ 70ರಿಂದ ಅಲ್ಲ, 45ರಿಂದ ಬ್ರೇಕ್ ಹಿಡಿಯುತ್ತೀರಿ. ಶಾಖ ವೇಗದ ವರ್ಗಕ್ಕೆ ಅನುಗುಣ, ಆದ್ದರಿಂದ ಡಿಸ್ಕಿನ ಮೇಲೆ ಬೀಳುವ ಹೊರೆ ಅರ್ಧಕ್ಕೂ ಕೆಳಗೆ ಬರುತ್ತದೆ.

ಘಾಟಿ ಇಳಿಯುವಾಗ ಲೆಕ್ಕ ಇನ್ನೂ ಬಿಗಿ. ಅದೇ ತೂಕದ ಕಾರು 100 ಮೀಟರ್ ಎತ್ತರ ಇಳಿಯುವುದೆಂದರೆ 80ರಿಂದ ನಾಲ್ಕು ಬಾರಿ ನಿಲ್ಲಿಸಿದಷ್ಟು ಶಾಖ. ಆಗುಂಬೆಯ 14 ತಿರುವುಗಳನ್ನು ಆಟೋಮ್ಯಾಟಿಕ್ ಗೇರನ್ನು ಡಿಯಲ್ಲೇ ಬಿಟ್ಟು, ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಇಳಿಯುವವರು ಬಹಳ. ಗೇರನ್ನು ಕೈಯಿಂದ ಎರಡಕ್ಕೋ ಮೂರಕ್ಕೋ ಇಳಿಸಿ, ಎಂಜಿನ್ ಹಿಡಿದುಕೊಳ್ಳಲಿ. ಬ್ರೇಕನ್ನು ಸವರಿಕೊಂಡೇ ಇರುವ ಬದಲು ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಡಿ. ಕೆಳಗೆ ಸೋಮೇಶ್ವರದಲ್ಲಿ ಚಹಾಕ್ಕೆ ನಿಲ್ಲುವುದಾದರೆ ಮೊದಲು ಸ್ವಲ್ಪ ದೂರ ಮಟ್ಟಸ ರಸ್ತೆಯಲ್ಲಿ ಸಾಗಿ ತಣ್ಣಗಾಗಿಸಿ. ಕೆಂಪಗೆ ಕಾದ ಡಿಸ್ಕಿಗೆ ಪ್ಯಾಡ್ ಒತ್ತಿಕೊಂಡು ನಿಂತರೆ ಅಲ್ಲೇ ಅಚ್ಚು ಬೀಳುತ್ತದೆ. ಬಂದ ಕೂಡಲೇ ಪೈಪ್ ಹಿಡಿದು ಚಕ್ರಕ್ಕೆ ನೀರು ಬಿಡುವುದಂತೂ ಬೇಡವೇ ಬೇಡ.

ಪಂಕ್ಚರ್ ಅಂಗಡಿಯಲ್ಲಿ ಆಗುವ ಹಾನಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ವೀಲ್ ಪಾನಾ ಮೇಲೆ ಹುಡುಗ ನಿಂತು ಕುಣಿದು ಬಿಗಿಯುತ್ತಾನೆ, ಇಲ್ಲವೇ ಗಾಳಿ ಗನ್ನಿನಿಂದ ಒಂದೊಂದನ್ನೂ ಪೂರ್ತಿ ಬಿಗಿದು ಮುಂದಿನದಕ್ಕೆ ಹೋಗುತ್ತಾನೆ. ಬಿಗುವು ಹೆಚ್ಚುಕಡಿಮೆಯಾದರೆ ಡಿಸ್ಕ್ ಹಬ್‌ನ ಮೇಲೆ ಓರೆ ಕೂರುತ್ತದೆ, ನಡುಕ ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ಶುರುವಾಗುವುದರಿಂದ ಯಾರೂ ಪಂಕ್ಚರನ್ನು ನೆನಪಿಸಿಕೊಳ್ಳುವುದಿಲ್ಲ. ಈ ಕಾರುಗಳ ಬೋಲ್ಟಿಗೆ ಬೇಕಾದ ಬಿಗುವು ಸಾಮಾನ್ಯವಾಗಿ 100ರಿಂದ 150 ನ್ಯೂಟನ್ ಮೀಟರ್, ನಿಮ್ಮದರ ಅಂಕಿ ಪುಸ್ತಕದಲ್ಲಿದೆ. ಒಂದು ಟಾರ್ಕ್ ಪಾನಾ ಕೊಂಡು ಡಿಕ್ಕಿಯಲ್ಲಿಡಿ. ಎದುರುಬದುರಿನ ಬೋಲ್ಟನ್ನು ಸರದಿಯಲ್ಲಿ ಬಿಗಿಸಿ.

ಲೇತಿಗೆ ಹಾಕಿಸಬಹುದೇ?

ನಮ್ಮ ಕಡೆ ಲೇತ್ ಕೆಲಸಗಾರರಿಗೆ ಬರವಿಲ್ಲ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನೇ ತಯಾರಿಸುತ್ತಿತ್ತು. ಕಾರ್ಖಾನೆ ಮುಚ್ಚಿದರೂ ಅಲ್ಲಿ ಪಳಗಿದ ಕೈಗಳು, ಅವರಿಂದ ಕಲಿತ ಕೈಗಳು ಈ ಭಾಗದಲ್ಲಿವೆ. ಹಾಗಾಗಿ "ಒಂದು ಕಟ್ ಹೊಡೆಸಿದ್ರೆ ಆತು" ಎನ್ನುವ ಸಲಹೆ ಬಂದೇ ಬರುತ್ತದೆ. ಕೆಲವೊಮ್ಮೆ ಅದು ಸರಿಯಾದ ಸಲಹೆಯೂ ಹೌದು. ಡಿಸ್ಕ್ ದಪ್ಪವಾಗಿದ್ದು, ಗೆರೆ ಅಥವಾ ನಡುಕ ಮಾತ್ರ ತೊಂದರೆಯಾಗಿದ್ದು, ಕಟ್ ಆದ ಮೇಲೂ ಕನಿಷ್ಠಕ್ಕಿಂತ ಸಾಕಷ್ಟು ಮೇಲಿರುತ್ತದೆ ಎಂದಾದರೆ ಮಾಡಿಸಬಹುದು. ಕಟ್ ಆದ ದಿನವೇ ಮಿತಿಯ ಅಂಚಿನಲ್ಲಿ ನಿಂತರೆ ಹಣ ದಂಡ, ಅಪಾಯವೂ ಹೌದು: ತೆಳುವಾದ ಡಿಸ್ಕ್ ಶಾಖ ಹಿಡಿದಿಡಲಾರದು.

ತೊಂದರೆ ಇರುವುದು ಕೈಯಲ್ಲಲ್ಲ, ಹಿಡಿತದಲ್ಲಿ. ಲೇತಿನ ಚಕ್ಕಿನಲ್ಲಿ ಡಿಸ್ಕ್ ಕೂರುವ ರೀತಿಗೂ ಕಾರಿನ ಹಬ್‌ನ ಮೇಲೆ ಕೂರುವ ರೀತಿಗೂ ಕೂದಲೆಳೆ ವ್ಯತ್ಯಾಸವಿದ್ದರೂ ಕೆಲಸ ಕೆಡುತ್ತದೆ. ಹಬ್‌ನ ಮೇಲೆ ಬೋಲ್ಟ್ ಹಾಕಿ ಡಯಲ್ ಗೇಜ್ ಇಟ್ಟು ತಿರುಗಿಸಿದಾಗ ಓಲಾಟ 0.05 ಮಿಲಿಮೀಟರಿನ ಒಳಗಿರಬೇಕು ಎನ್ನುವುದು ಹೆಚ್ಚಿನ ಕಾರುಗಳ ಲೆಕ್ಕ. ಕೆಲವು ದುಬಾರಿ ಕಾರುಗಳ ಡಿಸ್ಕ್ ಎರಡು ತುಂಡಿನದು, ನಡುವೆ ಅಲ್ಯೂಮಿನಿಯಂ ಬಟ್ಟಲು, ಸುತ್ತ ಕಬ್ಬಿಣದ ಬಳೆ. ಅದನ್ನು ಊರ ಲೇತಿಗೆ ಕೊಡಬೇಡಿ. ಸಣ್ಣ ಬಿರುಕು ಅಂಚಿನವರೆಗೆ ಬಂದ ಡಿಸ್ಕನ್ನಂತೂ ಲೇತಿಗಲ್ಲ, ನೇರ ಗುಜರಿಗೆ ಕೊಡಿ.

ಬದಲಿಸಲೇಬೇಕಾದಾಗ

ಒಂದು ಆಕ್ಸಲಿನ ಎರಡನ್ನೂ ಒಟ್ಟಿಗೆ ಬದಲಿಸಿ, ಪ್ಯಾಡನ್ನೂ ಹೊಸದು ಹಾಕಿ. ಕಂಪನಿಯ ಡಬ್ಬಿಯದೇ ಬೇಕೆಂದೇನಿಲ್ಲ. ಕಾರು ಕಂಪನಿಗಳಿಗೆ ಮಾಲು ಒದಗಿಸುವ ಬ್ರೇಕ್ ತಯಾರಕರೇ ತಮ್ಮ ಹೆಸರಿನಲ್ಲೂ ಮಾರುತ್ತಾರೆ, ಬೆಲೆ ಕಡಿಮೆ. ಯುರೋಪಿನ ಮಾಲಿನ ಮೇಲೆ ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಜೊತೆಗೆ 90ಆರ್ ಎಂಬ ಗುರುತು ನೋಡಿ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 90ನೇ ನಿಯಮದಡಿ ಪರೀಕ್ಷೆಗೊಳಗಾದ ಬದಲಿ ಭಾಗ ಎಂದು ಅದರ ಅರ್ಥ. ಡಿಸ್ಕ್ ಉಳಿಯಲಿ ಎಂದು ಸೆರಾಮಿಕ್ ಪ್ಯಾಡ್ ಹಾಕಿಸುವವರಿದ್ದಾರೆ. ಕಪ್ಪು ಪುಡಿ ಕಡಿಮೆಯಾಗುತ್ತದೆ, ಡಿಸ್ಕ್ ಹೆಚ್ಚು ಬಾಳುತ್ತದೆ. ನಿಧಾನವಾಗಿ ಊರೊಳಗೆ ಓಡುವ ಕಾರಿಗೆ ಒಳ್ಳೆಯದು, ಆದರೆ ನಿಮ್ಮ ಮಾಡೆಲ್ಲಿಗೆಂದೇ ಮಾಡಿದ್ದಾಗಿರಬೇಕು. ಘಾಟಿ ಓಡಾಟ ಹೆಚ್ಚಿರುವವರು ಕಂಪನಿ ಕೊಟ್ಟ ಬಗೆಯನ್ನೇ ಇಟ್ಟುಕೊಳ್ಳುವುದು ವಾಸಿ ಎಂದು ನನ್ನ ಅಭಿಪ್ರಾಯ.

ಹಿಂದಿನ ಚಕ್ರಕ್ಕೆ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಸ್ಕ್ಯಾನರ್ ಹಾಕಿ ಸರ್ವೀಸ್ ಮೋಡಿಗೆ ತಂದೇ ಬಿಚ್ಚಬೇಕು. ಸಿ-ಕ್ಲ್ಯಾಂಪ್ ಹಾಕಿ ಪಿಸ್ಟನ್ ಒತ್ತಿದರೆ ಒಳಗಿನ ಮೋಟಾರು ಹೋಗುತ್ತದೆ, ಆಗ ಡಿಸ್ಕಿನ ಖರ್ಚು ಸಣ್ಣದೆನಿಸುತ್ತದೆ. ಸ್ಕ್ಯಾನರ್ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಬೇಡ. ಡಿಸ್ಕ್ ಕೂರಿಸುವ ಮುನ್ನ ಹಬ್‌ನ ಮುಖದ ತುಕ್ಕನ್ನು ತಂತಿ ಬ್ರಷ್ಷಿನಿಂದ ಪೂರ್ತಿ ತೆಗೆಯಬೇಕು. ಹೊಸ ಡಿಸ್ಕಿನ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಒರೆಸಬೇಕು, ಡೀಸೆಲ್ ಬಟ್ಟೆಯಿಂದಲ್ಲ. ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ದರೆ ಅದನ್ನೂ ಬದಲಿಸಿ: ಡಾಟ್ 4 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ತೇವ ಹೀರಿದ ಮೇಲೆ ಆ ಮಿತಿ 155ರವರೆಗೂ ಇಳಿಯಬಹುದು.

ಬಿಲ್ಲಿನ ವಿಷಯ. ಡಿಸ್ಕ್, ಪ್ಯಾಡ್ ಸವೆಯುವ ಭಾಗಗಳೆಂದು ವಾರಂಟಿಯಿಂದ ಹೊರಗಿಡುತ್ತಾರೆ, ವಿಮೆಯೂ ಸವೆತಕ್ಕೆ ಬರುವುದಿಲ್ಲ. ಆದರೆ ಹಿಡಿದುಕೊಂಡ ಕ್ಯಾಲಿಪರ್ ಸವೆಯುವ ಭಾಗವಲ್ಲ. ವಾರಂಟಿ ಅವಧಿಯಲ್ಲಿ ಒಂದೇ ಬದಿಯ ಡಿಸ್ಕ್ ಹೋಗಿದ್ದರೆ ಕ್ಯಾಲಿಪರಿನ ದೋಷದಿಂದ ಡಿಸ್ಕ್ ಕೆಟ್ಟಿತು ಎಂದು ಲಿಖಿತವಾಗಿ ಕೇಳಿ. ಅದಕ್ಕೇ ನಾಲ್ಕೂ ಚಕ್ರದ ಅಳತೆ ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು, ಫೋಟೊ ತೆಗೆದಿಡಬೇಕು, ಹಳೆಯ ಡಿಸ್ಕ್, ಪ್ಯಾಡ್ ವಾಪಸ್ ಪಡೆಯಬೇಕು. ಅಳತೆ ಕೊಡಲು ಹಿಂಜರಿಯುವ ಗ್ಯಾರೇಜಿನಿಂದ ಡಿಸ್ಕ್ ಕೊಳ್ಳುವ ಅವಸರ ಬೇಡ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ 18. ಹಳೆಯ ಅಂದಾಜು ಪಟ್ಟಿಯಲ್ಲಿ 28 ಎಂದಿದ್ದರೆ ತಿದ್ದಿಸಿ.

ಮಾತಿನಲ್ಲಿ ಮುಗಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸಿಸುವ ಜಾಗದಲ್ಲೇ ದೂರು ಕೊಡಬಹುದು, ಕಾರು ಬೆಂಗಳೂರಿನಲ್ಲಿ ಕೊಂಡಿದ್ದರೂ ಸರಿ. ಕೊಟ್ಟ ಹಣ 50 ಲಕ್ಷದವರೆಗಿದ್ದರೆ ದಾವಣಗೆರೆಯ ಜಿಲ್ಲಾ ಆಯೋಗ, ಅದಕ್ಕೂ ಮೇಲೆ ಎರಡು ಕೋಟಿವರೆಗೆ ರಾಜ್ಯ ಆಯೋಗ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ವ್ಯಾಪಾರಕ್ಕೆಂದು ಕೊಂಡ ಕಾರಾದರೆ ಎದುರು ಪಕ್ಷ ಅದನ್ನೇ ಮೊದಲು ಎತ್ತುತ್ತದೆ, ಕಾಗದ ಸರಿಯಿಟ್ಟುಕೊಳ್ಳಿ.

ಹೊಸ ಡಿಸ್ಕ್ ಹಾಕಿಸಿದ ದಿನವೇ ಪಳಗಿಸುವ ಕೆಲಸ ಆಗಬೇಕು, ಇದನ್ನು ಬಹುತೇಕ ಗ್ಯಾರೇಜುಗಳು ಹೇಳುವುದೇ ಇಲ್ಲ. ಬೆಳಗಿನ ಜಾವ ಜಗಳೂರು ಕಡೆಯ ನೇರ ರಸ್ತೆಯಂಥ ಖಾಲಿ ಜಾಗ ನೋಡಿ, 60ರಿಂದ 20ಕ್ಕೆ ಮಧ್ಯಮ ಒತ್ತಡದಲ್ಲಿ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಮತ್ತೆ ವೇಗ ಹಿಡಿದು, ಅರ್ಧ ಮುಕ್ಕಾಲು ಕಿಲೋಮೀಟರ್ ಗಾಳಿಗೆ ತಣಿಸಿ, ಇದನ್ನೇ ಹತ್ತು ಬಾರಿ ಮಾಡಿ. ಪ್ಯಾಡಿನ ತೆಳು ಪದರ ಡಿಸ್ಕಿನ ಸುತ್ತಲೂ ಸಮನಾಗಿ ಕೂರುವುದು ಹೀಗೆ. ತುಸು ಸುಟ್ಟ ವಾಸನೆ ಬರಬಹುದು, ಗಾಬರಿ ಬೇಡ. ಕೊನೆಗೆ ಬ್ರೇಕ್ ಮುಟ್ಟದೆ ಐದಾರು ಕಿಲೋಮೀಟರ್ ಓಡಿಸಿ ಮನೆಗೆ ತನ್ನಿ. ಮುಂದಿನ 300 ಕಿಲೋಮೀಟರ್‌ವರೆಗೆ ಜೋರು ಬ್ರೇಕ್ ತಪ್ಪಿಸಿ. ಆ ವಾರವೇ ಧರ್ಮಸ್ಥಳಕ್ಕೆ ಹೊರಟಿದ್ದರೆ ಬೇರೆ ಕಾರು ತೆಗೆದುಕೊಂಡು ಹೋಗಿ.